ಸ್ಯಾಲರಿಗೆ ಉಪ್ಪಿನ ಕತೆ ನಿಜವಾ? ಇಂಗ್ಲಿಷ್ ಪದಗಳ ಹುಟ್ಟು ಹುಡುಕೋಣ ಬನ್ನಿ

ಟೀಚರಮ್ಮ

ಎಲ್ಲರಿಗೂ ನಮಸ್ಕಾರ. ನಾನು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಹೊಸ ಪದ ಬಂದಾಗ ಅದರ ಹಿಂದಿನ ಕತೆ ಹೇಳಿದರೆ ಮಕ್ಕಳು ಆ ಪದವನ್ನು ಮರೆಯುವುದಿಲ್ಲ. ಅದಕ್ಕೇ 'ಸ್ಯಾಲರಿ' ಬಂದಾಗಲೆಲ್ಲ ಎಷ್ಟೋ ವರ್ಷದಿಂದ ಒಂದೇ ಕತೆ ಹೇಳುತ್ತಾ ಬಂದಿದ್ದೇನೆ. ರೋಮ್‌ನ ಸೈನಿಕರಿಗೆ ಹಣದ ಬದಲು ಉಪ್ಪು ಕೊಡುತ್ತಿದ್ದರು, ಲ್ಯಾಟಿನ್‌ನಲ್ಲಿ ಉಪ್ಪಿಗೆ 'ಸಾಲ್' ಅನ್ನುತ್ತಾರೆ, ಅದರಿಂದ ಸ್ಯಾಲರಿ ಆಯಿತು ಅಂತ. ಉಪ್ಪಿನ ಋಣ ಅನ್ನುವ ಮಾತು ನಮ್ಮ ನಾಲಿಗೆ ಮೇಲೇ ಇರುವುದರಿಂದ ಮಕ್ಕಳಿಗೆ ಈ ಕತೆ ತಟ್ಟನೆ ಹಿಡಿಸುತ್ತದೆ.

ಮೊನ್ನೆ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ಅಷ್ಟೊಂದು ಉಪ್ಪು ತಗೊಂಡು ಅವರು ಏನು ಮಾಡ್ತಿದ್ರು?" ಉತ್ತರ ನನ್ನ ಹತ್ತಿರ ಇರಲಿಲ್ಲ. ನಾಳೆ ಹೇಳ್ತೀನಿ ಅಂದೆ. ಮನೆಗೆ ಬಂದು ಯೋಚಿಸಿದಾಗ, ಈ ಕತೆ ನಾನೆಲ್ಲೋ ಕೇಳಿದ್ದೇ ಹೊರತು ಎಂದೂ ಪರೀಕ್ಷೆ ಮಾಡಿ ನೋಡಿಲ್ಲ ಅನ್ನಿಸಿತು. ತಿಳಿದವರು ದಯವಿಟ್ಟು ಹೇಳಿ. ಇಂಥ ಬೇರೆ ಪದಗಳ ಹುಟ್ಟು ಗೊತ್ತಿದ್ದರೆ ಅದನ್ನೂ ಬರೆಯಿರಿ. ಆದರೆ ನಿಜವಾಗಿ ನಿಲ್ಲುವಂಥದ್ದು ಬೇಕು, ಸುಮ್ನೆ ಚೆಂದದ ಕತೆ ಬೇಡ.

ನುಡಿಜಾಡು

ಆ ಹುಡುಗಿ ಕೇಳಿದ್ದು ತೂಕದ ಪ್ರಶ್ನೆ. ಕತೆಯಲ್ಲಿ ಅರ್ಧ ನಿಜ ಇದೆ.

ಸ್ಯಾಲರಿ ಬಂದದ್ದು ಲ್ಯಾಟಿನ್‌ನ 'ಸಲಾರಿಯಂ' ಪದದಿಂದ. ಅದರ ಹೊಟ್ಟೆಯೊಳಗೆ 'ಸಾಲ್', ಅಂದರೆ ಉಪ್ಪು, ಇದ್ದೇ ಇದೆ. ಒಂದನೇ ಶತಮಾನದ ರೋಮನ್ ಬರಹಗಾರ ಹಿರಿಯ ಪ್ಲಿನಿ ಉಪ್ಪಿನ ಬಗ್ಗೆ ಬರೆಯುವಾಗ ಈ ಪದಕ್ಕೂ ಉಪ್ಪಿಗೂ ನಂಟಿದೆ ಎಂದೇ ಹೇಳಿದ್ದಾನೆ. ಅಲ್ಲಿಯವರೆಗೆ ತಕರಾರಿಲ್ಲ. ಆದರೆ ಸೈನಿಕರಿಗೆ ಸಂಬಳ ಅಂತ ಉಪ್ಪು ಅಳೆದು ಕೊಡುತ್ತಿದ್ದರು ಎಂದು ಆ ಕಾಲದ ಯಾರೂ ಬರೆದಿಟ್ಟಿಲ್ಲ. ಅವರಿಗೆ ಸಿಗುತ್ತಿದ್ದದ್ದು ನಾಣ್ಯ. ಆಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಒಬ್ಬ ಸಾಮಾನ್ಯ ಕಾಲಾಳಿಗೆ ವರ್ಷಕ್ಕೆ 225 ದಿನಾರಿಯಸ್ ಬೆಳ್ಳಿ ನಾಣ್ಯ. ಉಪ್ಪಿನ ಖರ್ಚಿಗೆ ಕೊಟ್ಟ ಹಣವೇ ಸಲಾರಿಯಂ ಎನ್ನುವುದು ಆಮೇಲಿನವರ ಊಹೆ.

ಸೈನಿಕರ ಸಂಬಳಕ್ಕೆ ರೋಮನ್ನರು ಇಟ್ಟ ಹೆಸರೇ ಬೇರೆ, 'ಸ್ಟಿಪೆಂಡಿಯಂ'. ಇವತ್ತು ಓದುವ ಹುಡುಗರಿಗೆ, ತರಬೇತಿ ಪಡೆಯುವವರಿಗೆ ಕೊಡುವ ಸ್ಟೈಪೆಂಡ್ ಇದೆಯಲ್ಲ, ಅದೇ ಪದ. ಅದರ ಎರಡನೇ ಅರ್ಧ 'ಪೆಂಡೆರೆ', ಅಂದರೆ ತೂಗುವುದು. ನಾಣ್ಯವನ್ನು ಎಣಿಸುವ ಮೊದಲು ಲೋಹವನ್ನು ತೂಗಿ ಕೊಡುತ್ತಿದ್ದ ಕಾಲದ ನೆನಪು ಅದರಲ್ಲಿ ಉಳಿದಿದೆ.

ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯದೊಂದು ಇದೆ. ಸೈನಿಕರಿಂದ ಸ್ಯಾಲರಿ ಹುಟ್ಟಲಿಲ್ಲ. ಆದರೆ ಸಂಬಳದಿಂದ 'ಸೋಲ್ಜರ್' ಹುಟ್ಟಿತು! ನಾಲ್ಕನೇ ಶತಮಾನದ ಆರಂಭದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ 'ಸಾಲಿಡಸ್' ಎಂಬ ಚಿನ್ನದ ನಾಣ್ಯ ತಂದ. ಗಟ್ಟಿ ನಾಣ್ಯ ಅಂತ ಅರ್ಥ. 'ಸಾಲಿಡ್' ಅನ್ನುವುದೂ ಅದೇ. ಹಳೆಯ ಫ್ರೆಂಚ್‌ನಲ್ಲಿ ಅದು ಸವೆದು 'ಸೂಲ್ಡ್' ಆಯಿತು, ಅರ್ಥ ಸಂಬಳ. ಸಂಬಳಕ್ಕೆ ಯುದ್ಧ ಮಾಡುವವನು 'ಸೂಡಿಯರ್'. ಇಂಗ್ಲಿಷ್‌ಗೆ ಬಂದು ಸೋಲ್ಜರ್.

ಉಪ್ಪಿನ ನಿಜವಾದ ಮಕ್ಕಳು ಯಾರು ಗೊತ್ತಾ? ಸಾಲಡ್, ಸಾಸ್, ಸಾಸೇಜ್. ಮೂರೂ 'ಉಪ್ಪು ಹಾಕಿದ್ದು' ಅನ್ನುವ ಅರ್ಥದಿಂದಲೇ ಬಂದಿವೆ.

ಟೀಚರಮ್ಮ

ಸೋಲ್ಜರ್ ಅಂದರೆ ಸಂಬಳದವನು! ನಾನು ಇಷ್ಟು ದಿನ ಕತೆಯನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದೆ. ನಾಳೆಯೇ ಆ ಹುಡುಗಿಗೆ ಹೇಳುತ್ತೇನೆ. ತುಂಬಾ ಥ್ಯಾಂಕ್ಸ್.

ಗಾಳಿಗಣ್ಣು

ನನ್ನ ಹೆಸರೇ ಇವತ್ತಿನ ನನ್ನ ಪದ. 'ವಿಂಡೋ' ಅಂದರೆ ಗಾಳಿಗಣ್ಣು.

ಸ್ಕ್ಯಾಂಡಿನೇವಿಯಾದ ವೈಕಿಂಗರು ಇಂಗ್ಲೆಂಡಿಗೆ ಬಂದು ನೆಲೆಸಿದಾಗ ಅವರ ಮಾತಿನ ನೂರಾರು ಪದಗಳು ಇಂಗ್ಲಿಷ್‌ನಲ್ಲಿ ಬೇರು ಬಿಟ್ಟವು. ಅವರ ಹಳೆಯ ನಾರ್ಸ್ ಭಾಷೆಯಲ್ಲಿ ಕಿಟಕಿಗೆ 'ವಿಂಡಾಉಗ' ಅನ್ನುತ್ತಿದ್ದರು. 'ವಿಂಡ್' ಅಂದರೆ ಗಾಳಿ, 'ಔಗ' ಅಂದರೆ ಕಣ್ಣು. ಆಗ ಗಾಜಿಲ್ಲ. ಮನೆಯಲ್ಲಿ ಗಾಳಿ ಆಡಲಿ, ಹೊಗೆ ಹೋಗಲಿ ಅಂತ ಬಿಟ್ಟ ಒಂದು ಕಂಡಿ, ಅಷ್ಟೇ.

ಅದಕ್ಕೂ ಮೊದಲು ಇಂಗ್ಲಿಷರಿಗೆ ತಮ್ಮದೇ ಪದ ಇತ್ತು: 'ಏಅಗ್‌ಥಿರೆಲ್'. ಕಣ್ಣು-ತೂತು ಅಂತ. ಇಲ್ಲೂ ಕಣ್ಣೇ! ಆ ಪದ ಸತ್ತಿತು. ಆದರೆ ಅದರ ಬಾಲ 'ಥಿರೆಲ್', ಅಂದರೆ ತೂತು, ಇನ್ನೂ ಉಸಿರಾಡುತ್ತಿದೆ. ಎಲ್ಲಿ? ನಮ್ಮ ಮೂಗಿನಲ್ಲಿ. 'ನಾಸ್ಟ್ರಿಲ್' ಅಂದರೆ ಮೂಗು-ತೂತು. 'ಥ್ರಿಲ್' ಕೂಡ ಇದೇ ಮನೆಯದು. ಮೊದಲ ಅರ್ಥ ಚುಚ್ಚಿ ತೂತು ಮಾಡುವುದು. ಮೈ ನವಿರೇಳಿಸುವ ಸಂಗತಿ ಒಳಗೆ ಚುಚ್ಚಿಕೊಂಡು ಹೋಗುತ್ತದಲ್ಲ, ಹಾಗೆ ಈಗಿನ ಅರ್ಥ ಬಂತು.

ಈಗ ನಮ್ಮ ಕಡೆ ನೋಡಿ. ಗವಾಕ್ಷಿ. ಬಿಡಿಸಿದರೆ ಗೋ + ಅಕ್ಷ, ಹಸುವಿನ ಕಣ್ಣು. ಉತ್ತರದ ಕಡಲಿನವರು ಗೋಡೆಯ ಕಂಡಿಯಲ್ಲಿ ಗಾಳಿಯ ಕಣ್ಣು ಕಂಡರು. ಸಂಸ್ಕೃತದವರು ಹಸುವಿನ ಕಣ್ಣು ಕಂಡರು. ಒಬ್ಬರ ಪದ ಇನ್ನೊಬ್ಬರಿಗೆ ಗೊತ್ತಿಲ್ಲ. ಆದರೂ ಇಬ್ಬರಿಗೂ ಕಂಡದ್ದು ಕಣ್ಣೇ. ನನಗೆ ಇದು ತುಂಬಾ ಇಷ್ಟ. ಕನ್ನಡದ ಬೆಳಕಿಂಡಿ ಮಾತ್ರ ಕಣ್ಣನ್ನು ಬಿಟ್ಟು ನೇರ ಬೆಳಕಿಗೇ ಕೈ ಹಾಕಿತು.

ಫಿಸಿಯೋ

ದಿನವೂ ಜನರ ಕೈಕಾಲಿನ ಸ್ನಾಯು ತಿಕ್ಕುವ ಕೆಲಸ ನನ್ನದು. ಹಾಗಾಗಿ 'ಮಸಲ್' ನನ್ನ ಪಾಲಿಗೆ ಬಿಡಿ.

ಅಂಗಿಯ ತೋಳು ಮೇಲೆ ಸರಿಸಿ. ಮೊಣಕೈ ಮಡಚಿ, ಬಿಚ್ಚಿ, ಮತ್ತೆ ಮಡಚಿ. ತೋಳಿನ ಚರ್ಮದ ಕೆಳಗೆ ಏನೋ ಓಡಿಬಂದು ಗುಂಡಗೆ ಕುಳಿತ ಹಾಗೆ ಕಾಣುತ್ತದೆ, ಅಲ್ವಾ? ಕೈ ಚಾಚಿದರೆ ಮತ್ತೆ ಉದ್ದಕ್ಕೆ ಮಲಗುತ್ತದೆ. ರೋಮನ್ನರಿಗೆ ಅದು ಬಟ್ಟೆಯಡಿ ಓಡಾಡುವ ಇಲಿಮರಿಯ ಹಾಗೆ ಕಂಡಿತು. ಲ್ಯಾಟಿನ್‌ನಲ್ಲಿ 'ಮೂಸ್' ಅಂದರೆ ಇಲಿ, 'ಮುಸ್ಕುಲಸ್' ಅಂದರೆ ಪುಟ್ಟ ಇಲಿ. ಅದೇ ಮಸಲ್. ಗ್ರೀಕರಿಗೂ ಹಾಗೇ ಕಂಡಿದೆ, ಅವರ 'ಮಿಸ್' ಪದಕ್ಕೆ ಇಲಿ, ಸ್ನಾಯು ಎರಡೂ ಅರ್ಥ. ಹೃದಯಕ್ಕೆ ಸಂಬಂಧಿಸಿದ ಡಾಕ್ಟರ್ ಚೀಟಿಗಳಲ್ಲಿ 'ಮಯೋಕಾರ್ಡಿಯಲ್' ಅಂತ ಇರುತ್ತದಲ್ಲ, ಅದರ 'ಮಯೋ' ಕೂಡ ಆ ಗ್ರೀಕ್ ಇಲಿಯೇ.

ಇಂಗ್ಲಿಷ್‌ನ ಮೌಸ್, ಲ್ಯಾಟಿನ್ನಿನ ಮೂಸ್, ಸಂಸ್ಕೃತದ ಮೂಷ, ಮೂಷಿಕ ಎಲ್ಲ ಒಂದೇ ಬಳ್ಳಿಯವು. ಆದರೆ ಕನ್ನಡದವರು ಕಾಲಿನ ಹಿಂಭಾಗದ ದಪ್ಪ ಸ್ನಾಯುವನ್ನು ನೋಡಿ ಏನಂದರು? ಮೀನಖಂಡ! ಅದು ಮೀನಿನ ಆಕಾರವೇ. ಕೈಯಿಟ್ಟು ತಿಕ್ಕುವ ನನಗೆ ಗೊತ್ತು, ಮೇಲೆ ಉಬ್ಬಿ ಕೆಳಗೆ ಬಾಲದ ಹಾಗೆ ಸಣ್ಣಗಾಗಿ ಹಿಮ್ಮಡಿಗೆ ಸೇರುತ್ತದೆ.

ಹೊಸಬ

ಚರ್ಚೆ ಓದಿ ಖುಷಿಯಾಯಿತು. ನನಗೆ ಬಂದ ಒಂದು ಮೆಸೇಜಿನಲ್ಲಿ ಇಂಥವು ಬೇಕಾದಷ್ಟು ಇದ್ದವು. 'ನ್ಯೂಸ್' ಅಂದರೆ ನಾರ್ತ್, ಈಸ್ಟ್, ವೆಸ್ಟ್, ಸೌತ್, ನಾಲ್ಕು ದಿಕ್ಕಿನ ಮೊದಲ ಅಕ್ಷರ. 'ಟಿಪ್' ಅಂದರೆ ಬೇಗ ಸೇವೆ ಸಿಗಲಿ ಅಂತ ಕೊಡುವ ಹಣಕ್ಕೆ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ. 'ಗಾಲ್ಫ್' ಅಂದರೆ 'ಗಂಡಸರಿಗೆ ಮಾತ್ರ, ಹೆಂಗಸರಿಗೆ ಪ್ರವೇಶವಿಲ್ಲ' ಅನ್ನುವ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. 'ಪಾಶ್' ಅಂದರೆ ಹಡಗಿನಲ್ಲಿ ಹೋಗುವಾಗ ಎಡಗಡೆ, ಬರುವಾಗ ಬಲಗಡೆ ಕೋಣೆ ಪಡೆಯುತ್ತಿದ್ದ ಶ್ರೀಮಂತರ ಟಿಕೆಟ್ ಮೇಲೆ ಒತ್ತುತ್ತಿದ್ದ ಮೊದಲಕ್ಷರಗಳು. ಇವೆಲ್ಲ ಸರಿನಾ?

ನುಡಿಜಾಡು

ಕೇಳಿದ್ದು ಒಳ್ಳೆಯದಾಯಿತು. ನಾಲ್ಕೂ ಸರಿಯಲ್ಲ. ಮೆಸೇಜು ಬರೆದವರೂ ಯಾರದೋ ಬಾಯಲ್ಲಿ ಕೇಳಿ ನಂಬಿದ್ದಾರೆ, ಬಿಡಿ.

ನ್ಯೂಸ್ ಅಂದರೆ 'ನ್ಯೂ' ಪದದ ಬಹುವಚನ. ಹೊಸವು. ಫ್ರೆಂಚರು ಸುದ್ದಿಗೆ 'ನೂವೆಲ್' ಅನ್ನುತ್ತಿದ್ದರು, ಅದೂ ಹೊಸವು ಅಂತಲೇ. ಅದನ್ನು ನೋಡಿ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್‌ನಲ್ಲಿ ಬಂದದ್ದು ಇದು. ಟಿಪ್ 17ನೇ ಶತಮಾನದ ಆರಂಭದ ಕಳ್ಳರ ಗುಟ್ಟುಮಾತಿನಲ್ಲಿ 'ಕೊಡು, ದಾಟಿಸು' ಅನ್ನುವ ಅರ್ಥದಲ್ಲಿ ಸಿಗುತ್ತದೆ. ಗಾಲ್ಫ್ ಪದ 1457ರಲ್ಲೇ ಸ್ಕಾಟ್ಲೆಂಡಿನ ಪಾರ್ಲಿಮೆಂಟಿನ ಒಂದು ಕಾಯ್ದೆಯಲ್ಲಿದೆ. ಗಂಡಸರು ಬಿಲ್ಲುವಿದ್ಯೆ ಕಲಿಯುವುದು ಬಿಟ್ಟು ಗಾಲ್ಫ್ ಆಡುತ್ತಿದ್ದಾರೆ ಅಂತ ಆಟವನ್ನೇ ನಿಷೇಧಿಸಿದ ಕಾಯ್ದೆ ಅದು. ಡಚ್ಚರ 'ಕೋಲ್ಫ್', ಅಂದರೆ ದೊಣ್ಣೆ, ಅದರಿಂದ ಬಂದಿರುವ ಸಾಧ್ಯತೆ ಹೆಚ್ಚು. ಪಾಶ್ ಬಗ್ಗೆ ಹೇಳುವ ಹಾಗೆ ಮುದ್ರೆ ಒತ್ತಿದ ಟಿಕೆಟ್ ಇದುವರೆಗೆ ಒಂದೂ ಸಿಕ್ಕಿಲ್ಲ.

ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಮೊದಲಕ್ಷರ ಜೋಡಿಸಿ ಪದ ಕಟ್ಟುವ ರೂಢಿ ಬೆಳೆದದ್ದು 20ನೇ ಶತಮಾನದಲ್ಲಿ. ರೇಡಾರ್ 1940ರಲ್ಲಿ ಅಮೆರಿಕದ ನೌಕಾಪಡೆ ಕಟ್ಟಿದ ಪದ. ಲೇಸರ್ 1957ರಲ್ಲಿ ಗಾರ್ಡನ್ ಗೌಲ್ಡ್ ತನ್ನ ನೋಟ್‌ಪುಸ್ತಕದಲ್ಲಿ ಬರೆದದ್ದು. ಇವು ನಿಜವಾದ ಮೊದಲಕ್ಷರದ ಪದಗಳು. ಅದಕ್ಕಿಂತ ನೂರಾರು ವರ್ಷ ಹಳೆಯ ಪದಕ್ಕೆ ಯಾರಾದರೂ ಮೊದಲಕ್ಷರದ ಕತೆ ಹೇಳಿದರೆ ಸ್ವಲ್ಪ ನಿಂತು ಯೋಚಿಸಿ.

ದೊಡ್ಡ ಹೊರತು ಒಂದೇ: 'ಓಕೆ'. 1839ರ ಮಾರ್ಚ್ 23ರಂದು ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು. ಬೇಕಂತಲೇ ತಪ್ಪು ಕಾಗುಣಿತ ಬರೆದು ಅದರ ಮೊದಲಕ್ಷರ ಹಿಡಿಯುವುದು ಆಗಿನ ಪತ್ರಿಕೆಯವರ ಒಂದು ಆಟ. 'ಆಲ್ ಕರೆಕ್ಟ್' ಅನ್ನುವುದನ್ನು 'ಓಲ್ ಕೊರೆಕ್ಟ್' ಅಂತ ಬರೆದರು. ಆ ಕಾಲದ ಇಂಥ ಎಷ್ಟೋ ಚುಟುಕುಗಳು ಸತ್ತುಹೋದವು. ಇದೊಂದು ಉಳಿಯಿತು. ಮರುವರ್ಷ ಅಧ್ಯಕ್ಷ ಚುನಾವಣೆಯಲ್ಲಿ ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ಅಡ್ಡಹೆಸರು 'ಓಲ್ಡ್ ಕಿಂಡರ್‌ಹುಕ್', ಅದರ ಮೊದಲಕ್ಷರವೂ ಓ, ಕೆ. ಬೆಂಬಲಿಗರು ಕೂಗಿ ಕೂಗಿ ಪದ ಮನೆಮಾತಾಯಿತು. ಇದನ್ನೆಲ್ಲ ಹಳೆಯ ಪತ್ರಿಕೆಗಳ ಧೂಳಿನಿಂದ ಹೊರಗೆ ತೆಗೆದವರು ಅಲೆನ್ ವಾಕರ್ ರೀಡ್, 1960ರ ದಶಕದಲ್ಲಿ. ಅಂದರೆ ಓಕೆ ಪದಕ್ಕೆ ತಾರೀಕು ಸಮೇತ ಸಾಕ್ಷಿ ಇದೆ. ಆ ಮೆಸೇಜಿನ ನಾಲ್ಕಕ್ಕೂ ಅದಿಲ್ಲ.

ಹೊಸಬ

ಒಪ್ಪಿದೆ. ಆದರೆ ಯಾವ ಪದ ಯಾವ ವರ್ಷ ಮೊದಲು ಬಂತು ಅಂತ ಹೇಗೆ ಗೊತ್ತಾಗುತ್ತದೆ? ಯಾರಾದರೂ ಕೂತು ಎಲ್ಲ ಪುಸ್ತಕ ಓದಿದ್ದಾರಾ?

ನುಡಿಜಾಡು

ಹೌದು, ಹೆಚ್ಚೂಕಮ್ಮಿ ಹಾಗೇ ಮಾಡಿದರು! ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಕಟ್ಟಿದ್ದೇ ಹಾಗೆ. 1857ರಲ್ಲಿ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ ಆ ಯೋಚನೆ ಹುಟ್ಟಿತು. 1879ರಲ್ಲಿ ಸಂಪಾದಕ ಜೇಮ್ಸ್ ಮರ್ರೆ ಇಂಗ್ಲಿಷ್ ಓದುವ ಎಲ್ಲರಿಗೂ ಒಂದು ಮನವಿ ಮಾಡಿದರು: ನೀವು ಓದುವ ಪುಸ್ತಕದಲ್ಲಿ ಒಂದು ಪದ ಕಂಡರೆ, ಆ ವಾಕ್ಯ, ಪುಸ್ತಕದ ಹೆಸರು, ವರ್ಷ, ಪುಟ ಒಂದು ಚೀಟಿಯಲ್ಲಿ ಬರೆದು ಕಳಿಸಿ. ಲಕ್ಷಗಟ್ಟಲೆ ಚೀಟಿ ಬಂದವು. ಮನೆಯ ಅಂಗಳದಲ್ಲಿ ಕಬ್ಬಿಣದ ತಗಡಿನ ಒಂದು ಶೆಡ್ ಕಟ್ಟಿಸಿಕೊಂಡು, ಗೋಡೆ ತುಂಬ ಗೂಡು ಮಾಡಿ, ಚೀಟಿಗಳನ್ನು ವಿಂಗಡಿಸಿ ಇಟ್ಟರು. ಮೊದಲ ಭಾಗ ಅಚ್ಚಾದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡರು, ಮುಗಿದದ್ದನ್ನು ನೋಡಲಿಲ್ಲ. 'ಬಾಂಡ್‌ಮೇಡ್' ಅನ್ನುವ ಪದದ ಚೀಟಿಗಳು ಎಲ್ಲೋ ಕಳೆದುಹೋಗಿ ಆ ಪದ ಮೊದಲ ಸಂಪುಟದಲ್ಲಿ ಬಿಟ್ಟೇ ಹೋಯಿತು. ಅಷ್ಟು ಕೈಕೆಲಸ ಅದು.

ಪ್ರತಿ ಪದಕ್ಕೂ ಸಿಕ್ಕ ಅತ್ಯಂತ ಹಳೆಯ ವಾಕ್ಯ ಮೊದಲು, ಆಮೇಲೆ ಕಾಲಕ್ರಮದಲ್ಲಿ ಉಳಿದವು. ನಾವು ಹೇಳುವ ಕತೆ ಆ ಸಾಲಿನ ಜೊತೆ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಬೇಕು.

ಗಾಳಿಗಣ್ಣು

ಇದಕ್ಕೆ ಒಂದು ಮಾತು ಸೇರಿಸಬೇಕು. ಸ್ಪೆಲಿಂಗ್ ಕೂಡ ಎಷ್ಟೋ ಸಲ ಸುಳ್ಳು ಹೇಳುತ್ತದೆ.

'ಐಲೆಂಡ್' ಪದದಲ್ಲಿ ಉಚ್ಚಾರವೇ ಇಲ್ಲದ ಒಂದು ಎಸ್ ಇದೆ. ಹಳೆಯ ಇಂಗ್ಲಿಷ್‌ನಲ್ಲಿ ಅದು 'ಈಗ್‌ಲಂಡ್', ಎಸ್ ಇರಲೇ ಇಲ್ಲ. ಲ್ಯಾಟಿನ್ನಿನ 'ಇನ್ಸುಲಾ' ಕಡೆಯಿಂದ ಫ್ರೆಂಚ್ ಮೂಲಕ ಬಂದ 'ಐಲ್' ಅನ್ನುವ ಬೇರೆ ಪದದಲ್ಲಿ ಎಸ್ ಇತ್ತು. ಎರಡೂ ಒಂದೇ ಅಂತ ತಿಳಿದು 16ನೇ ಶತಮಾನದಲ್ಲಿ ಇದಕ್ಕೂ ತುರುಕಿದರು. 'ಡೆಟ್', 'ಡೌಟ್' ಎರಡರಲ್ಲೂ ಇರುವ ಬಿ ಕೂಡ ಹಾಗೇ. ಫ್ರೆಂಚ್‌ನಿಂದ ಬಂದಾಗ ಬಿ ಇರಲಿಲ್ಲ. ಲ್ಯಾಟಿನ್ ಓದಿದ ಪಂಡಿತರು ಮೂಲದಲ್ಲಿ ಬಿ ಇದೆ ಅಂತ ತಂದು ಕೂರಿಸಿದರು. ಜನ ಅದನ್ನು ಒಂದು ದಿನವೂ ಉಚ್ಚರಿಸಲಿಲ್ಲ. ಮಕ್ಕಳು ಮಾತ್ರ ಇವತ್ತಿಗೂ ಬಾಯಿಪಾಠ ಮಾಡುತ್ತಿದ್ದಾರೆ.

'ಫೀಮೇಲ್' ನೋಡಿ. 'ಮೇಲ್' ಮುಂದೆ 'ಫೀ' ಸೇರಿಸಿದ್ದು ಅಂತ ಎಲ್ಲರೂ ತಿಳಿಯುತ್ತಾರೆ. ಅಲ್ಲ. ಅದು ಲ್ಯಾಟಿನ್ನಿನ 'ಫೆಮೆಲ್ಲಾ', ಪುಟ್ಟ ಹೆಣ್ಣು. ಮೇಲ್ ಬಂದದ್ದು 'ಮಸ್ಕುಲಸ್' ಪದದಿಂದ. ಎರಡಕ್ಕೂ ಹುಟ್ಟಿನಿಂದ ನಂಟಿಲ್ಲ. ಪಕ್ಕಪಕ್ಕ ಬಳಸಿ ಬಳಸಿ ಒಂದರ ರೂಪ ಇನ್ನೊಂದಕ್ಕೆ ಬಂತು.

ಟೀಚರಮ್ಮ

ಇವತ್ತು ತರಗತಿಯಲ್ಲಿ ನಡೆದದ್ದು ಹೇಳಲೇಬೇಕು.

ಇಂಗ್ಲಿಷ್‌ನಲ್ಲಿ ವ್ಯಂಜನದ ಹಿಂದೆ 'ಅ', ಸ್ವರದ ಹಿಂದೆ 'ಆ್ಯನ್' ಬರಬೇಕು ಅಂತ ಪಾಠ ಇತ್ತು. ನಾನು ಬೋರ್ಡಿನ ಮೇಲೆ ಜಾಗ ಬಿಡದೆ ಒಂದೇ ಉಸಿರಿಗೆ 'ಅನೇಪ್ರನ್' ಅಂತ ಬರೆದೆ. ಎಲ್ಲಿ ಬಿಡಿಸುತ್ತೀರಿ ಅಂತ ಕೇಳಿದೆ. ಎಲ್ಲರೂ 'ಆ್ಯನ್ ಏಪ್ರನ್' ಅಂದರು. ಆಗ ನಾನು ಸೀಮೆಸುಣ್ಣದಿಂದ ಗೆರೆಯನ್ನು ಒಂದಕ್ಷರ ಹಿಂದೆ ಎಳೆದೆ: 'ಅ ನೇಪ್ರನ್'. ಮೊದಲಿದ್ದದ್ದು ಹೀಗೆ ಅಂದೆ. ಹಳೆಯ ಫ್ರೆಂಚ್‌ನ 'ನಪ್ರೋನ್', ಸಣ್ಣ ಬಟ್ಟೆ. ಕೇಳಿದವರು ತಪ್ಪು ಜಾಗದಲ್ಲಿ ಬಿಡಿಸಿದರು. ಪದದ ತಲೆಯಲ್ಲಿದ್ದ ನಕಾರ ಕಳಚಿ ಹಿಂದಿನ 'ಅ'ಗೆ ಅಂಟಿಕೊಂಡಿತು.

ಒಂದು ಕ್ಷಣ ತರಗತಿ ಮೌನ. ಆಮೇಲೆ ಅದೇ ಉಪ್ಪಿನ ಹುಡುಗಿ ಹೇಳಿದಳು: "ಹಾಗಾದ್ರೆ ಅವರು ಸಂಧಿ ಬಿಡಿಸೋದ್ರಲ್ಲಿ ತಪ್ಪು ಮಾಡಿದ್ರು ಮಿಸ್!" ನನಗೆ ಕಣ್ಣು ತುಂಬಿ ಬಂತು. ಕನ್ನಡ ವ್ಯಾಕರಣ ಓದಿದ ಮಗುವಿಗೆ ಇದು ಎಷ್ಟು ಸಲೀಸಾಗಿ ಹೊಳೆಯಿತು ನೋಡಿ.

ನುಡಿಜಾಡು

ಆ ಮಗುವಿಗೆ ನನ್ನ ಕಡೆಯಿಂದ ಶಹಭಾಷ್ ಹೇಳಿ. ಭಾಷಾಶಾಸ್ತ್ರದವರು ಪುಟಗಟ್ಟಲೆ ಬರೆಯುವುದನ್ನು ಅವಳು ಒಂದು ವಾಕ್ಯದಲ್ಲಿ ಹೇಳಿದಳು.

ಏಪ್ರನ್‌ನ ಮೂಲ ಹಿಡಿದು ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನ 'ಮಪ್ಪಾ' ಸಿಗುತ್ತದೆ. ಅರ್ಥ ಬಟ್ಟೆ. 'ನ್ಯಾಪ್ಕಿನ್' ಕೂಡ ಅದರ ಮಗಳೇ, ಅದು ನಕಾರ ಉಳಿಸಿಕೊಂಡಿತು. 'ಮ್ಯಾಪ್' ಕೂಡ ಅದೇ! ಮಧ್ಯಯುಗದಲ್ಲಿ ಪ್ರಪಂಚದ ನಕ್ಷೆಗೆ 'ಮಪ್ಪಾ ಮುಂಡಿ' ಅನ್ನುತ್ತಿದ್ದರು, ಲೋಕದ ಬಟ್ಟೆ. ಏಪ್ರನ್, ನ್ಯಾಪ್ಕಿನ್, ಮ್ಯಾಪ್ ಮೂರೂ ಒಂದೇ ಬಟ್ಟೆಯ ತುಂಡುಗಳು.

ಹಾವಿನ ಜಾತಿಯ 'ಆ್ಯಡರ್' ಮೊದಲು 'ನೆಡ್ಡರ್'. ಜರ್ಮನ್‌ನಲ್ಲಿ ಇನ್ನೂ 'ನಾಟರ್' ಅಂತಲೇ ಇದೆ. ತಿರುಗುಮುರುಗು ಆದದ್ದೂ ಉಂಟು. 'ನಿಕ್‌ನೇಮ್' ಮೊದಲು 'ಆ್ಯನ್ ಈಕ್‌ನೇಮ್'. 'ಈಕ್' ಅಂದರೆ ಇನ್ನೊಂದು, ಜೊತೆಗೆ ಸೇರಿದ್ದು. ಇಲ್ಲಿ ಹಿಂದಿನ ಪದದ ನಕಾರ ಮುಂದಕ್ಕೆ ಹಾರಿತು.

ಫಿಸಿಯೋ

ಅಂಪೈರ್ ಬಿಟ್ಟಿರಲ್ಲ! ಅದೂ ಮೊದಲು 'ನೂಂಪೈರ್'. ಹಳೆಯ ಫ್ರೆಂಚ್‌ನ 'ನಾನ್‌ಪೆರ್', ಜೋಡಿಯಲ್ಲದವನು. ಎರಡು ಕಡೆಯವರ ಜಗಳದಲ್ಲಿ ಯಾರ ಜೊತೆಗೂ ಜೋಡಿಯಾಗದೆ ಬಿಡಿಯಾಗಿ ನಿಲ್ಲುವ ಮೂರನೆಯವನು. ಅಂಪೈರ್ ಕೆಲಸ ಏನು ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತದಾ?

ಹೊಸಬ

ನನ್ನದೂ ಒಂದು ಇದೆ, ಈ ಸಲ ಮೆಸೇಜಿನದಲ್ಲ, ನಾನೇ ಗಮನಿಸಿದ್ದು. ಕನ್ನಡದಲ್ಲಿ ಒಂದು, ಇಂಗ್ಲಿಷ್‌ನಲ್ಲಿ ಒನ್. ಇಷ್ಟು ಹತ್ತಿರ ಇರುವಾಗ ಒಂದರಿಂದ ಇನ್ನೊಂದು ಬಂದಿರಬೇಕು, ಅಲ್ವಾ?

ನುಡಿಜಾಡು

ಸ್ವಂತ ಕಿವಿಯಿಂದ ಕೇಳಿ ಹಿಡಿದಿದ್ದೀರಿ, ಅದು ದೊಡ್ಡದು. ಈಗ ಇಬ್ಬರನ್ನೂ ಅವರವರ ಅಜ್ಜನ ಮನೆಗೆ ಕರೆದುಕೊಂಡು ಹೋಗೋಣ.

ಇಂಗ್ಲಿಷ್‌ನ ಒನ್ ಹಳೆಯ ಇಂಗ್ಲಿಷ್‌ನಲ್ಲಿ 'ಆನ್'. ಜರ್ಮನ್‌ನಲ್ಲಿ 'ಐನ್', ಲ್ಯಾಟಿನ್‌ನಲ್ಲಿ 'ಊನುಸ್'. ಮುಂದಿನ ವಕಾರದ ಸದ್ದು ಎಷ್ಟೋ ಕಾಲದ ಮೇಲೆ ಸೇರಿದ್ದು. ಹಳೆಯ ಸದ್ದು 'ಓನ್ಲಿ', 'ಅಲೋನ್' ಪದಗಳಲ್ಲಿ ಉಳಿದಿದೆ. ಅಲೋನ್ ಅಂದರೆ 'ಆಲ್ ಒನ್', ಪೂರ್ತಿ ಒಬ್ಬನೇ. ಟೀಚರಮ್ಮ ಬೋರ್ಡಿನ ಮೇಲೆ ಬರೆದ 'ಆ್ಯನ್' ಇದೆಯಲ್ಲ, ಅದೂ ಇದೇ ಪದ. 'ಆ್ಯನ್' ಅಂದರೆ ಮೊದಲಿಗೆ 'ಒಂದು' ಅಂತಲೇ ಅರ್ಥ. ವ್ಯಂಜನದ ಹಿಂದೆ ಬಂದಾಗ ಸವೆದು 'ಅ' ಆಯಿತು.

ಕನ್ನಡದ ಒಂದರ ಅಣ್ಣತಮ್ಮಂದಿರು ಬೇರೆ: ಒಬ್ಬ, ಓರ್ವ, ಒಮ್ಮೆ. ತಮಿಳಿನ ಒನ್ರು, ಒರು. ಒಂದು ಕಡೆ ಆನ್, ಐನ್, ಊನುಸ್. ಇನ್ನೊಂದು ಕಡೆ ಒರ್, ಒರು, ಒನ್ರು. ಹಿಂದೆ ಹೋದಷ್ಟೂ ಇಬ್ಬರೂ ದೂರ ದೂರ ಸರಿಯುತ್ತಾರೆ. ನಿಜವಾದ ನೆಂಟರಾಗಿದ್ದರೆ ಹಿಂದೆ ಹೋದಷ್ಟೂ ಹತ್ತಿರ ಬರಬೇಕಿತ್ತು.

ನಮ್ಮ ನುಡಿಬಳಗದಿಂದ ಇಂಗ್ಲಿಷ್‌ಗೆ ನಿಜವಾಗಿ ಹೋದ ಪದಗಳೂ ಇವೆ. ಅವು ಹೋದ ದಾರಿ, ಹೊತ್ತವರು ಇಬ್ಬರೂ ಕಾಣುತ್ತಾರೆ. ತೇಗಕ್ಕೆ 'ಟೀಕ್', ಕಟ್ಟುಮರಕ್ಕೆ 'ಕ್ಯಾಟಮರಾನ್', ತೆಂಗಿನ ನಾರಿಗೆ 'ಕಾಯರ್'. ಟೀಕ್ ಮಲಯಾಳದಿಂದ ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ಇಂಗ್ಲಿಷ್‌ಗೆ. 'ಮ್ಯಾಂಗೋ' ಕೂಡ ಅದೇ ಹಡಗಿನಲ್ಲಿ ಹೋಯಿತು. ಅದರ ಮೂಲ ಮಾ + ಕಾಯಿ. ಹಣ್ಣಾಗಿ ರಸ ಸುರಿಯುತ್ತಿದ್ದರೂ ಇಂಗ್ಲಿಷರ ಬಾಯಲ್ಲಿ ಅದು ಕಾಯಿಯೇ!

ಹೊಸಬ

ಅಜ್ಜನ ಮನೆಯ ಲೆಕ್ಕ ಚೆನ್ನಾಗಿ ಅರ್ಥವಾಯಿತು. ಇನ್ನು ಮುಂದೆ ಹಾಗೇ ನೋಡುತ್ತೇನೆ.

ಗಾಳಿಗಣ್ಣು

ಹುಟ್ಟಿನ ಮಾತು ಜಾಸ್ತಿ ಆಯಿತು. ಅರ್ಥ ಜಾರುವುದರ ಬಗ್ಗೆಯೂ ಬರೆಯೋಣ. ನನಗೆ ಇದು ಪದದ ಹುಟ್ಟಿಗಿಂತ ಹೆಚ್ಚು ಕಾಡುವ ವಿಷಯ.

'ನೈಸ್' ಮತ್ತು 'ಸಿಲ್ಲಿ' ದಾರಿಯಲ್ಲಿ ಎದುರುಬದುರಾಗಿ ಹಾದುಹೋದ ಎರಡು ಪದಗಳು. ನೈಸ್ ಬಂದದ್ದು ಲ್ಯಾಟಿನ್ನಿನ 'ನೆಸ್ಕಿಯಸ್' ಪದದಿಂದ, ಏನೂ ತಿಳಿಯದವನು. 1300ರ ಹೊತ್ತಿಗೆ ಇಂಗ್ಲಿಷ್‌ನಲ್ಲಿ ನೈಸ್ ಅಂದರೆ ಪೆದ್ದ. ಆಮೇಲೆ ಅತಿ ನಾಜೂಕಿನವನು, ಆಮೇಲೆ ಸೂಕ್ಷ್ಮವಾದದ್ದು. 18ನೇ ಶತಮಾನದಲ್ಲಿ ಹಿತವಾದದ್ದು. ಸಿಲ್ಲಿ ಹೊರಟದ್ದು ಮೇಲಿನಿಂದ. ಹಳೆಯ ಇಂಗ್ಲಿಷ್‌ನಲ್ಲಿ 'ಗೆಸೇಲಿಗ್', ಧನ್ಯ, ದೇವರ ಆಶೀರ್ವಾದ ಪಡೆದವನು. ಧನ್ಯನಿಂದ ನಿಷ್ಪಾಪಿ, ನಿಷ್ಪಾಪಿಯಿಂದ ಪಾಪದವನು, ಪಾಪದವನಿಂದ ದುರ್ಬಲ, ಕೊನೆಗೆ ಪೆದ್ದ.

ಇದು ಇಂಗ್ಲಿಷರ ಕತೆ ಮಾತ್ರ ಅಂದುಕೊಳ್ಳಬೇಡಿ. ನಾವು ಎಷ್ಟು ಪ್ರೀತಿಯಿಂದ ಮುಗ್ಧ ಅನ್ನುತ್ತೇವೆ. ಮುಗ್ಧ, ಮೂಢ ಎರಡೂ ಸಂಸ್ಕೃತದ ಒಂದೇ ಧಾತುವಿನಿಂದ ಬಂದವು, ದಿಕ್ಕುತಪ್ಪಿದವನು ಅಂತ ಅರ್ಥ. ಒಂದು ಮಗುವಿನ ಮುಖಕ್ಕೆ ಹೋಯಿತು, ಇನ್ನೊಂದು ಬೈಗುಳಕ್ಕೆ ಹೋಯಿತು.

'ಸ್ಟಿಂಕ್' ಕೂಡ ನಮಗೆ ಹತ್ತಿರದ್ದು. ಹಳೆಯ ಇಂಗ್ಲಿಷ್‌ನಲ್ಲಿ ಹೂವೂ 'ಸ್ಟಿಂಕ್' ಆಗಬಹುದಿತ್ತು. ಯಾವ ವಾಸನೆಗಾದರೂ ಸಲ್ಲುತ್ತಿದ್ದ ಪದ, ಬರಬರುತ್ತ ಕೆಟ್ಟದ್ದಕ್ಕೆ ಮಾತ್ರ ಉಳಿಯಿತು. ಕನ್ನಡದ ನಾರು, ನಾತ ನೋಡಿ, ಇವತ್ತು ಮೂಗು ಮುಚ್ಚಿಕೊಳ್ಳುವ ಪದ. ಅದೇ ಬೇರಿನ ನರುಗಂಪು ಮಾತ್ರ ಹಳೆಯ ಪದ್ಯಗಳಲ್ಲಿ ಇನ್ನೂ ಘಮಘಮ ಅನ್ನುತ್ತಿದೆ. ವಾಸನೆ ಪದಕ್ಕೂ ಇದೇ ಗತಿ ಬರುತ್ತಿದೆ. "ಏನೋ ವಾಸನೆ" ಅಂದರೆ ಒಳ್ಳೆಯದು ಅಂತ ಯಾರು ತಿಳಿಯುತ್ತಾರೆ?

ಟೀಚರಮ್ಮ

ಹಾಗಾದರೆ 'ಡಿಯರ್'? ಜಿಂಕೆ. ಅದಕ್ಕೆ ಹಿಂದೆ ಬೇರೆ ಅರ್ಥ ಇತ್ತು ಅಂತ ಎಲ್ಲೋ ಕೇಳಿದ ನೆನಪು. ಈಗ ಕೇಳಿದ್ದನ್ನೆಲ್ಲ ನಿಮ್ಮ ಹತ್ತಿರ ಪರೀಕ್ಷೆ ಮಾಡಿಸಿಯೇ ಹೇಳಬೇಕು ಅಂತ ನಿರ್ಧಾರ ಮಾಡಿದ್ದೇನೆ.

ಗಾಳಿಗಣ್ಣು

ಇದು ಧೈರ್ಯವಾಗಿ ಹೇಳಬಹುದು. ಹಳೆಯ ಇಂಗ್ಲಿಷ್‌ನಲ್ಲಿ 'ದೇಓರ್' ಅಂದರೆ ಯಾವುದೇ ಪ್ರಾಣಿ. ಜರ್ಮನ್‌ನ 'ಟೀರ್' ಇವತ್ತಿಗೂ ಪ್ರಾಣಿಯೇ. ಇಂಗ್ಲಿಷ್‌ನಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಕಡೆಯಿಂದ 'ಬೀಸ್ಟ್', 'ಅನಿಮಲ್' ಬಂದು ಜಾಗ ಹಿಡಿದವು. ಡಿಯರ್ ಪದ, ಬೇಟೆಗಾರರು ಹೆಚ್ಚಾಗಿ ಬೆನ್ನಟ್ಟುತ್ತಿದ್ದ ಒಂದೇ ಪ್ರಾಣಿಗೆ ಸಂಕುಚಿತವಾಯಿತು.

ಈಗ ಮೃಗ ಪದವನ್ನು ಪಕ್ಕಕ್ಕೆ ಇಡಿ. ಮೃಗಾಲಯದಲ್ಲಿ ಎಲ್ಲ ಪ್ರಾಣಿಯೂ ಮೃಗ. ಮೃಗರಾಜ ಅಂದರೆ ಸಿಂಹ, ಪ್ರಾಣಿಗಳ ರಾಜ. ಆದರೆ ಮೃಗನಯನಿ ಅಂದಾಗ? ಜಿಂಕೆಗಣ್ಣಿನವಳು. ಚಂದ್ರನ ಮೇಲಿನ ಕಲೆ ಜಿಂಕೆಯ ಹಾಗಿದೆ ಅಂತ ಅವನಿಗೆ ಮೃಗಾಂಕ ಅನ್ನುತ್ತೇವೆ. ಇಂಗ್ಲಿಷ್ ಒಂದು ಅರ್ಥ ಬಿಟ್ಟು ಇನ್ನೊಂದನ್ನು ಹಿಡಿಯಿತು. ನಾವು ಎರಡನ್ನೂ ಒಂದೇ ಪದದಲ್ಲಿ ಇಟ್ಟುಕೊಂಡು ಬಳಸುತ್ತಿದ್ದೇವೆ.

ಫಿಸಿಯೋ

'ಗರ್ಲ್' ಕೂಡ ಹಾಗೇ ಕಿರಿದಾಯಿತು. 1300ರ ಸುಮಾರಿಗೆ 'ಗಿರ್ಲ್' ಅಂದರೆ ಮಗು, ಗಂಡಾದರೂ ಹೆಣ್ಣಾದರೂ. ಗಂಡುಮಗು ಅಂತ ಬಿಡಿಸಿ ಹೇಳಬೇಕಿದ್ದರೆ 'ನೇವ್ ಗಿರ್ಲ್' ಅನ್ನುತ್ತಿದ್ದರು. 'ನೇವ್' ಅಂದರೆ ಆಗ ಹುಡುಗ. ಆಮೇಲೆ ಅವನು ಆಳಾದ, ಕೊನೆಗೆ ಮೋಸಗಾರನಾದ. ಜರ್ಮನ್‌ನ 'ಕ್ನಾಬೆ' ಮಾತ್ರ ಇನ್ನೂ ಹುಡುಗನಾಗಿಯೇ ಇದ್ದಾನೆ.

ಟೀಚರಮ್ಮ

ಇದನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಇನ್ನೊಂದು ವಿಷಯ. ಮರ್ರೆ ಅವರ ಚೀಟಿಗಳ ಕತೆ ತರಗತಿಯಲ್ಲಿ ಹೇಳಿದೆ. ಈಗ ಮಕ್ಕಳೇ ಚೀಟಿ ಬರೆಯಲು ಶುರು ಮಾಡಿದ್ದಾರೆ: ಪದ, ಕಂಡ ವಾಕ್ಯ, ಪ್ರಶ್ನೆ. ತರಗತಿಯ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬ ಇಟ್ಟಿದ್ದೇನೆ. ಇವತ್ತು ತೆಗೆದ ಮೊದಲ ಚೀಟಿ ಉಪ್ಪಿನ ಹುಡುಗಿಯದೇ. ಪದ: ಕ್ಲೂ. ವಾಕ್ಯ: ಕಳ್ಳನನ್ನು ಹಿಡಿಯಲು ಪೊಲೀಸರಿಗೆ ಒಂದು ಕ್ಲೂ ಸಿಕ್ಕಿತು. ಪ್ರಶ್ನೆ: ಕ್ಲೂ ಅಂದರೆ ಮೊದಲು ಯಾವ ವಸ್ತು?

ವಸ್ತು ಅಂತ ಅವಳೇ ಊಹಿಸಿದ್ದಾಳೆ. ನಾನು ಏನೂ ಹೇಳಿಕೊಟ್ಟಿಲ್ಲ.

ನುಡಿಜಾಡು

ಊಹೆ ಸರಿ ಇದೆ. ಅದು ವಸ್ತುವೇ. ದಾರದ ಉಂಡೆ.

ಗ್ರೀಕರ ಪುರಾಣದಲ್ಲಿ ಥೀಸಿಯಸ್ ಅನ್ನುವ ವೀರ ಒಂದು ರಾಕ್ಷಸನನ್ನು ಕೊಲ್ಲಲು ಗೋಜಲು ದಾರಿಗಳ ಕೋಟೆಯೊಳಗೆ ಹೋಗಬೇಕಾಗುತ್ತದೆ. ಒಳಗೆ ಹೋದವರು ಹೊರಗೆ ಬಂದದ್ದಿಲ್ಲ. ಅರಿಯಾಡ್ನೆ ಅನ್ನುವ ರಾಜಕುಮಾರಿ ಅವನ ಕೈಗೆ ಒಂದು ದಾರದ ಉಂಡೆ ಕೊಡುತ್ತಾಳೆ. ಬಾಗಿಲಿಗೆ ತುದಿ ಕಟ್ಟಿ ಬಿಚ್ಚುತ್ತಾ ಹೋಗಿ, ಅದೇ ದಾರ ಹಿಡಿದು ವಾಪಸ್ ಬರುತ್ತಾನೆ. ಇಂಗ್ಲಿಷ್‌ನಲ್ಲಿ ದಾರದ ಉಂಡೆಗೆ 'ಕ್ಲೂ' ಅನ್ನುತ್ತಿದ್ದರು, ಸ್ಪೆಲಿಂಗ್ ಮಾತ್ರ ಸ್ವಲ್ಪ ಬೇರೆ. ಈ ಕತೆಯನ್ನು ಹೇಳಿ ಹೇಳಿ, ದಾರಿ ತೋರಿಸುವ ಯಾವುದಕ್ಕೂ ಕ್ಲೂ ಅನ್ನುವುದು ರೂಢಿಯಾಯಿತು. ಉಂಡೆ ಮರೆತುಹೋಯಿತು, ಸುಳಿವು ಉಳಿಯಿತು.

ಚೀಟಿಯ ಹಿಂದೆ ಇದನ್ನು ಬರೆದು ಅವಳಿಗೆ ಕೊಡಿ. ಡಬ್ಬದಲ್ಲಿ ಮುಂದಿನ ಚೀಟಿ ಯಾವುದು?